ಒಬ್ಬಳೇ ಹೊರಟ ವಾರಗಿತ್ತಿ

ನಗರ ನೋಡಲು ಒಬ್ಬಳೇ ಹೊರಟಿದ್ದ ವಾರಗಿತ್ತಿಗೆ ಹಿರಿಸೊಸೆ ಹಾಲು ಕರೆಯುತ್ತಲೇ ಬುದ್ಧಿ ಹೇಳುತ್ತಿದ್ದಳು.

"ಚೀಲ ಮುಂದೆ ಹಾಕ್ಕೋ. ದಾರಿ ಕೇಳೋದಾದ್ರೆ ಅಂಗಡಿಯವ್ರನ್ನ ಕೇಳು. ಕತ್ತಲಾಗೋದ್ರೊಳಗೆ ರೂಮಿಗೆ ಬಂದು ಚಿಲಕ ಹಾಕ್ಕೋ."

"ಇಷ್ಟೆಲ್ಲ ಗೊತ್ತಲ್ಲ, ನೀವು ಯಾವಾಗ ಹೋಗಿದ್ರಿ ಅಕ್ಕಾ?"

ಕೆಚ್ಚಲ ಮೇಲಿನ ಕೈ ನಿಂತಿತು. ಅವಳು ಎಲ್ಲಿಗೂ ಹೋದವಳಲ್ಲ. ಬೇರೆಯವರು ಮುಟ್ಟಿದರೆ ಈ ಹಸು ಒದೆಯುತ್ತಿತ್ತು. ಅದನ್ನೇ ದೊಡ್ಡ ಹೆಮ್ಮೆಯಾಗಿ ಊರೆಲ್ಲ ಹೇಳಿಕೊಂಡು, ಯಾರಿಗೂ ಕರೆಯಲು ಬಿಡದೆ ಇದ್ದವಳು ಅವಳೇ. ಈಗ ವಾರಗಿತ್ತಿಯ ಹೊಸ ಚಪ್ಪಲಿ ನೋಡಿ ಹೊಟ್ಟೆಕಿಚ್ಚಾಯಿತು. ಬಸ್ಸು ಕೆಟ್ಟು ನಿಲ್ಲಬಾರದೇ ಎಂದುಕೊಂಡಳು.

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ವಾರಗಿತ್ತಿ ಕಿಟಕಿ ಪಕ್ಕ ಕೂತು ನಗುತ್ತಾ ಕೈಬೀಸಿದಳು.

ಸಂಜೆ ಹಿರಿಸೊಸೆ ತನ್ನ ಹಳೆಯ ಸೀರೆ ತಂದು ಗಂಡನ ಮೈಗೆ ಸುತ್ತಿದಳು.

"ಏನೇ ಇದು, ತಲೆ ಕೆಟ್ಟಿದೆಯಾ?"

"ನನ್ನ ಸೀರೆ ವಾಸನೆಗೆ ಹಸು ಸುಮ್ಮನಿರುತ್ತೆ. ಕೂತ್ಕೊಂಡು ಕರೀರಿ."

"ಒದ್ರೆ?"

"ಒದೆಸ್ಕೊಳ್ಳಿ. ನೀವು ಕಲಿತ ಮಾರನೇ ದಿನ ನಾನೂ ಹೊರಡ್ತೀನಿ. ಅವಳಿಗಿಂತ ಒಂದು ದಿನ ಜಾಸ್ತಿನೇ ಇದ್ದು ಬರ್ತೀನಿ."