ಬಣ್ಣದ ತೊಟ್ಟಿಯ ಗುಮ್ಮ

ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ನೀರಿಲ್ಲದ ಮೂಲೆ ಹುಡುಕಬೇಕು. ಈ ಮನೆಯ ಹಿತ್ತಿಲಲ್ಲಂತೂ ಮೂರು ತೊಟ್ಟಿಗಳು. ಕಡುನೀಲಿ ತೊಟ್ಟಿಯೊಳಗೆ ಗೇಣುದ್ದ ಕೈ ಇಳಿಸಿದರೆ ಬೆರಳು ಕಾಣದು. ನಾಲ್ಕು ವರ್ಷದ ಮೊಮ್ಮಗಳು ಚಿಣ್ಣಿ ಅತ್ತ ಸುಳಿಯದಿರಲೆಂದು ಅಜ್ಜಿ, "ಅದರೊಳಗೆ ಗುಮ್ಮ ಇದಾನೆ, ಹೋದ್ರೆ ಹಿಡ್ಕೋತಾನೆ" ಎಂದು ಹೇಳಿಟ್ಟಿದ್ದಳು. ತನ್ನ ಮಕ್ಕಳನ್ನೂ ಹಾಗೇ ಹೆದರಿಸಿ ಬೆಳೆಸಿದವಳು ಅವಳು.

ಒಂದು ಮಧ್ಯಾಹ್ನ ಅಜ್ಜಿ ಒದ್ದೆ ನೂಲಿನ ಲಡಿಗಳನ್ನು ಒಣಹಾಕಿ ಹಿಂದಿರುಗಿ ನೋಡಿದಳು. ಚಿಣ್ಣಿ ಬಕೆಟ್ಟನ್ನು ಬೋರಲು ಹಾಕಿ ಹತ್ತಿ, ತೊಟ್ಟಿಯ ಅಂಚಿಗೆ ಹೊಟ್ಟೆಯೂರಿ ಬಗ್ಗಿದ್ದಳು. ಕಾಲೆರಡೂ ಗಾಳಿಯಲ್ಲಿ. ಅಜ್ಜಿ ಓಡಿಹೋಗಿ ಅಂಗಿ ಹಿಡಿದು ಎಳೆದಳು.

"ಏನೇ ಮಾಡ್ತಿದ್ದೆ ಇಲ್ಲಿ?"

"ಗುಮ್ಮನಿಗೆ ಬಿಸ್ಕತ್ತು ಕೊಡ್ತಿದ್ದೆ ಅಜ್ಜಿ. ಪಾಪ, ಅವನಿಗೆ ಯಾರೂ ಊಟಾನೇ ಹಾಕಲ್ವಲ್ಲ."

ಅಜ್ಜಿ ಅವಳನ್ನು ಎತ್ತಿಕೊಂಡು ಒಳಗೆ ನಡೆದಳು. ತಾನು ನಿಂತಿದ್ದುದು ಹತ್ತೇ ಹೆಜ್ಜೆ ದೂರದಲ್ಲಿ. ಒಂದು ಸದ್ದೂ ಕೇಳಿಸಿರಲಿಲ್ಲ. ಆ ಸಂಜೆ ಸೊಸೆ ಕೆಲಸದಿಂದ ಬಂದಾಗ ಹೇಳಲು ಬಾಯಿ ತೆರೆದಳು. ಧೈರ್ಯ ಸಾಲದೆ ಸುಮ್ಮನಾದಳು.

ಮರುದಿನ ಶಿಶುವಿಹಾರದ ಬಾಗಿಲಲ್ಲಿ ಟೀಚರ್ ಮುಂದೆ ಮಾತ್ರ ಕಣ್ಣು ತುಂಬಿಕೊಂಡು ಎಲ್ಲ ಹೇಳಿದಳು.

"ಹೆದರಿಕೆ ಮಕ್ಕಳಲ್ಲಿ ಬಹಳ ದಿನ ನಿಲ್ಲಲ್ಲ ಅಜ್ಜಿ," ಎಂದರು ಟೀಚರ್. "ನೀರಿನ ಹತ್ರ ಏನು ಮಾಡಬೇಕು ಅನ್ನೋದನ್ನ, ರಟ್ಟಿನ ಕೈ ಕತ್ತರಿಸಿ, ಆಡಿಸಿ ಕಲಿಸೋಣ."

"ಆಟ ಆಡಿಸಿದ್ರೆ ನೀರು ಮುಳುಗಿಸೋದು ಬಿಡತ್ತೇನಮ್ಮಾ? ರಟ್ಟು ಕತ್ತರಿಸಿಬಿಟ್ರೆ ಮಗು ಉಳಿಯತ್ತಾ?"

"ಬರೀ ಮಕ್ಕಳು ಆಡಿದ್ರೆ ಸಾಲದು. ನೀವೂ ಬನ್ನಿ."

ಟೀಚರ್ ನೆಲದ ಮೇಲೆ ನೀಲಿ ಬಟ್ಟೆ ಹಾಸಿ, ಇದೇ ನೀರು ಎಂದು ಹೇಳಿ, ಸುತ್ತಲೂ ಕೆಂಪು ನೂಲು ಎಳೆದರು. ಮಕ್ಕಳು ತಮ್ಮ ಅಂಗೈಯನ್ನೇ ರಟ್ಟಿನ ಮೇಲಿಟ್ಟು ಸುತ್ತ ಗೆರೆ ಬರೆದು, ಕತ್ತರಿಸಿ, ಕೆಂಪು ಬಣ್ಣ ಬಳಿದರು. ಅದು 'ನಿಲ್ಲು' ಎನ್ನುವ ಕೈ. ಕೆಂಪು ನೂಲು ದಾಟಬೇಕಾದರೆ ದೊಡ್ಡವರ ಕೈ ಹಿಡಿದಿರಬೇಕು. ಗೊಂಬೆ ನೀರಿಗೆ ಬಿದ್ದರೆ ತಾವು ಇಳಿಯಬಾರದು, ಬಗ್ಗಿ ಎತ್ತಲೂಬಾರದು. ಗಂಟಲು ಹರಿಯುವಂತೆ ದೊಡ್ಡವರನ್ನು ಕೂಗಬೇಕು. ಅಜ್ಜಿಯೇ ಆ ದೊಡ್ಡವರು.

ಆಟ ಶುರುವಾಯಿತು. ಅಜ್ಜಿ ಶಿಶುವಿಹಾರದ ಅಡುಗೆಯವಳ ಜತೆ ಮಂಡಿನೋವಿನ ಮಾತಿಗೆ ನಿಂತಳು. ಗೊಂಬೆ ಬಿತ್ತು. ಚಿಣ್ಣಿ ನೂಲಿನ ಈಚೆಯೇ ನಿಂತು ಕೂಗಿದಳು, "ಅಜ್ಜೀ! ಅಜ್ಜೀ!"

"ಬಂದೆ ಇರೇ, ಒಂದು ನಿಮಿಷ."

ಅಜ್ಜಿ ತಿರುಗಿದಾಗ ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು.

"ನಾನು ಕೂಗಿದೆ," ಎಂದಳು ಚಿಣ್ಣಿ. "ನೀನು ಬರಲಿಲ್ಲ. ಗೊಂಬೆ ಸತ್ತುಹೋಯ್ತು."

ಅಜ್ಜಿ ಅಲ್ಲೇ ಗೋಡೆಗೊರಗಿ ಕುಳಿತಳು. ಟೀಚರ್ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು, "ಮಗು ಎಷ್ಟು ಕಲಿತರೂ ಮಗುವೇ ಅಜ್ಜಿ. ಮರೆಯತ್ತೆ, ಜಾರತ್ತೆ. ಅದರ ಮೇಲೆ ಕಣ್ಣಿಡೋದು, ತೊಟ್ಟಿಗೆ ಮುಚ್ಚಳ ಹಾಕೋದು ನಮ್ಮ ಪಾಲು."

ಆ ಸಂಜೆ ಅಜ್ಜಿ ಸೊಸೆಯನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಸೊಸೆ ಎದ್ದು, "ಹಲಗೆ ಎಲ್ಲಿದೆ ಅತ್ತೆ? ಆ ಕಡೆ ನೀವು ಹಿಡ್ಕೊಳ್ಳಿ" ಎಂದಳು. ಕತ್ತಲಾಗುವ ಮೊದಲೇ ಮೂರು ತೊಟ್ಟಿಗೂ ಚಿಲಕವಿರುವ ಮುಚ್ಚಳ ಬಿತ್ತು. ಬಕೆಟ್ಟುಗಳೆಲ್ಲ ಬರಿದಾಗಿ ಬಾಗಿಲ ಒಳಗೆ ಸೇರಿದವು.

ಅಕ್ಕಂದಿರೇ, ಅಣ್ಣಂದಿರೇ, ಪುಟ್ಟ ಮಗುವಿಗೆ ಅರ್ಧ ಬಕೆಟ್ ನೀರೂ ಆಳವೇ. ಮುಳುಗುವ ಮಗು ಕೂಗುತ್ತದೆಂದು ನಂಬಿ ಕೂರಬೇಡಿ. ಇಂದೇ ಮಕ್ಕಳೊಂದಿಗೆ ಕೂತು ಆ ಕೆಂಪು ಕೈ ಮಾಡಿ, ಆಟ ಆಡಿ. ಆಮೇಲೆ ಹಿತ್ತಿಲಿಗೆ ಹೋಗಿ, ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಸುತ್ತ ನೋಡಿ. ಅಲ್ಲಿಂದ ಕಂಡ ನೀರಿಗೆಲ್ಲ ಮುಚ್ಚಳ ಹಾಕಿದ ಮೇಲೆಯೇ ಒಳಗೆ ಬನ್ನಿ.