ತಂತಿಯಿಲ್ಲದ ಹ್ಯಾಂಡಲ್

ಮೆಟ್ರೋ ರೈಲುಗಳು ತಮ್ಮಷ್ಟಕ್ಕೆ ತಾವೇ ಓಡಲು ಶುರುಮಾಡಿದ ಮೇಲೂ ಡ್ರೈವರ್ ಆಗಿದ್ದ ಅವನ ಕೆಲಸ ಹೋಗಲಿಲ್ಲ. ಹೋಗಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ದಿನಕ್ಕೊಮ್ಮೆಯಾದರೂ ಅನ್ನಿಸುತ್ತಿತ್ತು. ಆದದ್ದು ಇಷ್ಟು. ಡ್ರೈವರ್ ಇಲ್ಲದ ರೈಲು ಹತ್ತಲು ಜನ ಹೆದರಿದರು. ಮೊದಲ ಬೋಗಿಯಂತೂ ಖಾಲಿ ಹೊಡೆಯುತ್ತಿತ್ತು. ಎಲ್ಲರೂ ಹಿಂದಿನ ಬೋಗಿಗಳಲ್ಲಿ ತುರುಕಿಕೊಂಡು, ಡಿಕ್ಕಿಯಾದರೆ ಮುಂದಿನವರಿಗೇ ಆಗಲಿ ಎಂದು ನೆಮ್ಮದಿಯಾಗಿ ನಿಲ್ಲುತ್ತಿದ್ದರು. ಕಂಪನಿಯ ದೊಡ್ಡವರು ತಲೆ ಕೆಡಿಸಿಕೊಂಡು, ಕೊನೆಗೆ ಹಳೆಯ ಡ್ರೈವರ್‌ಗಳನ್ನೇ ಕರೆದು, ಇಸ್ತ್ರಿ ಮಾಡಿದ ಸಮವಸ್ತ್ರ ತೊಡಿಸಿ, ರೈಲಿನ ಮೂತಿಯಲ್ಲಿ ಒಂದೊಂದು ಕುರ್ಚಿ ಹಾಕಿ ಕೂರಿಸಿದರು. ಕುರ್ಚಿಯ ಮುಂದೆ ಒಂದು ಮೇಜು, ಮೇಜಿನ ಮೇಲೆ ಮಿನುಗುವ ನಾಲ್ಕು ದೀಪ, ಒಂದು ಕರಿ ಹ್ಯಾಂಡಲ್. ಅದು ಹಿಂದಕ್ಕೂ ಮುಂದಕ್ಕೂ ಸರಿಯುತ್ತಿತ್ತು. ಕೆಳಗೆ ಒಂದೇ ಒಂದು ತಂತಿಯೂ ಇರಲಿಲ್ಲ.

"ಆಗಾಗ ಹ್ಯಾಂಡಲ್ ಮುಟ್ತಾ ಇರಿ. ಮುಖದಲ್ಲಿ ನಗು ಇರ್ಲಿ. ಪ್ರಯಾಣಿಕರ ಹತ್ರ ಏನೂ ಬಾಯಿ ಬಿಡ್ಬೇಡಿ," ಎಂದಿದ್ದ ಮೇಲ್ವಿಚಾರಕ. ಎಲ್ಲರಿಗೂ ನಗಿ ನಗಿ ಎಂದು ಜೀವ ತಿನ್ನುತ್ತಿದ್ದ ಅವನಿಗೆ ಡ್ರೈವರ್‌ಗಳು ನಗುಮುಖ ಎಂದೇ ಹೆಸರಿಟ್ಟಿದ್ದರು. ಅವನು ಮಾತ್ರ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಅರ್ಧ ಆಯುಷ್ಯ ನಿಜವಾದ ರೈಲು ಓಡಿಸಿದ ಮನುಷ್ಯ ಹೀಗೆ ಬೆದರುಬೊಂಬೆಯ ಕೆಲಸಕ್ಕೆ ಬಿದ್ದ. ಬೆದರುಬೊಂಬೆಯಾದರೂ ವಾಸಿ, ಅದಕ್ಕೆ ಕಾಗೆಗಳನ್ನು ಅಟ್ಟುವ ಕೆಲಸವಾದರೂ ಇದೆ. ಮನೆಯಲ್ಲಿ ವಿಷಯ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಅವಳು ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು, ಮಾರನೆಯ ದಿನದಿಂದ ಕನಿಕರ ತೋರಿಸತೊಡಗಿದಳು. ಅದಕ್ಕಿಂತ ನಗುವೇ ಎಷ್ಟೋ ಮೇಲಾಗಿತ್ತು.

ಅಪ್ಪನಿಗೆ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅಪ್ಪ ಒಂದು ಕಾಲದಲ್ಲಿ ದೂರದೂರಿನ ರೈಲುಗಳ ಇಂಜಿನ್ ಡ್ರೈವರ್. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಮನುಷ್ಯರನ್ನು ಅಳೆಯಲು ಅವರ ಹತ್ತಿರ ಇದ್ದದ್ದು ಒಂದೇ ಅಳತೆಗೋಲು. ಗಾಡಿಯನ್ನು ಯಾರು ಬೇಕಾದರೂ ಓಡಿಸುತ್ತಾರೆ, ಹೇಗೆ ನಿಲ್ಲಿಸುತ್ತಾನೆ ನೋಡು, ಎನ್ನುತ್ತಿದ್ದರು. ಮಗ ಹೊಸದಾಗಿ ಮೆಟ್ರೋ ಸೇರಿದಾಗ ಒಮ್ಮೆ ಅವನ ರೈಲು ಹತ್ತಿ, ಎರಡು ನಿಲ್ದಾಣ ಆಗುವಷ್ಟರಲ್ಲಿ ಇಳಿದು, "ಕೋಣದ ಮೂಗುದಾರ ಜಗ್ಗಿದ ಹಾಗೆ ಬ್ರೇಕ್ ಜಗ್ತೀಯಲ್ಲೋ," ಎಂದು ಹೇಳಿ ಬಸ್ಸಿನಲ್ಲಿ ಮನೆಗೆ ಹೋಗಿಬಿಟ್ಟಿದ್ದರು. ಆಮೇಲೆ ಅವನು ಕೈ ಪಳಗಿಸಿಕೊಂಡ. ಜೊತೆಯವರು ಹೊಗಳಿದರು, ಕಂಪನಿ ಶಹಭಾಸ್ ಎಂದಿತು. ಅಪ್ಪ ಮಾತ್ರ ಮತ್ತೆ ಹತ್ತಲಿಲ್ಲ. ತಲೆ ನರೆಯುತ್ತ ಬಂದರೂ, ಅವರ ಬಾಯಿಂದ ಪರವಾಗಿಲ್ಲ ಎನ್ನುವ ಒಂದು ಮಾತು ಬಿದ್ದರೆ ಸಾಕು ಎಂಬ ಆಸೆ ಅವನನ್ನು ಬಿಡಲಿಲ್ಲ. ಕೇಳಲು ನಾಚಿಕೆ, ಕೇಳದಿರಲು ಸಂಕಟ.

ಪತ್ರಿಕೆಯಲ್ಲಿ ಡ್ರೈವರ್ ಇಲ್ಲದ ರೈಲಿನ ಸುದ್ದಿ ಬಂದಾಗ ಅಪ್ಪ ಅದನ್ನು ಓದಿ ಮೂಗು ಮುರಿದಿದ್ದರು. "ಇವರ ತಲೆ! ನನ್ನ ಮಗ ದಿನಾ ಡ್ಯೂಟಿಗೆ ಹೋಗ್ತಾನಲ್ಲ, ಅಲ್ಲೇನು ನೊಣ ಹೊಡೀತಾನಾ?"

ಅದನ್ನೇ ಮಾಡುತ್ತಿದ್ದ ಮಗ ಊಟ ಮುಗಿಸಿ ಎದ್ದಿದ್ದ. ಅಂದಿನಿಂದ ಅಪ್ಪನಿಗೆ ಹೊಸ ರೈಲು ನೋಡುವ ಹುಚ್ಚು ಹಿಡಿಯಿತು. ಇವತ್ತು ಜನ ಜಾಸ್ತಿ, ನಾಳೆ ದುರಸ್ತಿ ಇದೆ, ಮುಂದಿನ ವಾರ ನೋಡೋಣ ಎಂದು ಮಗ ನೆಪಗಳನ್ನು ಹೊಸೆದೂ ಹೊಸೆದೂ ಸುಸ್ತಾದ. ಒಂದು ಬೆಳಿಗ್ಗೆ ಅವನ ರೈಲು ಮನೆಯ ಹತ್ತಿರದ ನಿಲ್ದಾಣಕ್ಕೆ ಬಂದು ನಿಂತಾಗ, ಪ್ಲಾಟ್‌ಫಾರಮ್ಮಿನ ಗಾಜಿನ ಬಾಗಿಲ ಆಚೆ, ಒಗೆದು ಮಡಿಸಿಟ್ಟಿದ್ದ ಒಳ್ಳೆಯ ಅಂಗಿ ಹಾಕಿಕೊಂಡು, ಊರುಗೋಲು ಹಿಡಿದು, ಅಪ್ಪ ನಿಂತಿದ್ದರು.

"ಸರಿಯಾದ ಬಾಗಿಲಿಗೇ ನಿಂತಿದ್ದೀನಲ್ಲ," ಎನ್ನುತ್ತ ಒಳಗೆ ಬಂದು ಅವನ ಪಕ್ಕದ ಸೀಟಿನಲ್ಲಿ ಕೂತರು. ಹೊಸ ರೈಲಿನಲ್ಲಿ ಡ್ರೈವರ್‌ಗೆ ಬೇರೆ ಕೋಣೆಯಿಲ್ಲ. ಎಲ್ಲರ ಕಣ್ಣೆದುರಿಗೇ ಕೂರಬೇಕು, ಅದಕ್ಕೇ ತಾನೇ ಅವನಿಗೆ ಸಂಬಳ! "ನೀನು ನಿನ್ನ ಕೆಲಸ ನೋಡು. ನಾನು ಇಲ್ಲ ಅಂತ ತಿಳ್ಕೋ."

ಅಪ್ಪ ಇಲ್ಲವೆಂದು ತಿಳಿದುಕೊಳ್ಳುವುದು ಅವನಿಂದ ಯಾವ ವಯಸ್ಸಿನಲ್ಲೂ ಆಗಿರಲಿಲ್ಲ. ಬಾಗಿಲು ಮುಚ್ಚಿತು. ರೈಲು ಹೊರಡುವ ಗಳಿಗೆ ಅವನಿಗೆ ಬಾಯಿಪಾಠವಾಗಿತ್ತು. ಸರಿಯಾಗಿ ಅದೇ ಗಳಿಗೆಗೆ ಹ್ಯಾಂಡಲ್ ಮುಂದಕ್ಕೆ ಸರಿಸಿದ. ಮುಂದಿನ ನಿಲ್ದಾಣದ ಬೆಳಕು ಕಂಡಾಗ ಹಿಂದಕ್ಕೆ ಎಳೆದ. ರೈಲು ಹಾಲಿನಂತೆ ಹರಿದು ಬಂದು ನಿಂತಿತು. ಅಪ್ಪ ಕತ್ತು ಚಾಚಿ, ರೈಲಿನ ಬಾಗಿಲೂ ಪ್ಲಾಟ್‌ಫಾರಮ್ಮಿನ ಬಾಗಿಲೂ ಎದುರುಬದುರಾಗಿ ನಿಂತದ್ದನ್ನು ನೋಡಿದರು. ಎರಡನೆಯ ನಿಲ್ದಾಣದಲ್ಲೂ ನೋಡಿದರು. ಮೂರನೆಯದರಲ್ಲಿ ಊರುಗೋಲನ್ನು ಕಾಲ ಸಂದಿಯಲ್ಲಿ ನಿಲ್ಲಿಸಿ ಕೈ ಬಿಟ್ಟರು. ರೈಲು ನಿಂತಿತು, ಕೋಲು ಅಲುಗಲಿಲ್ಲ.

"ಪರವಾಗಿಲ್ಲ ಕಣೋ," ಎಂದರು ಅಪ್ಪ.

ಅವನ ಎದೆ ಉಬ್ಬಿತು. ನಾಚಿಕೆಗೆಟ್ಟ ಎದೆ! ಯಾವುದೋ ಕಂಪ್ಯೂಟರ್ ನಿಲ್ಲಿಸಿದ ರೈಲಿಗೆ ಇದು ಯಾಕೆ ಉಬ್ಬಬೇಕು? ಬೈದುಕೊಂಡರೂ ಅದು ಇಳಿಯಲಿಲ್ಲ. ಇಷ್ಟಕ್ಕೇ ಅಪ್ಪ ಸುಮ್ಮನಾಗಿದ್ದರೆ ಅವನು ಈ ಸುಳ್ಳನ್ನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಜೀವಮಾನವಿಡೀ ಕಟ್ಟಿಟ್ಟಿದ್ದ ಬಾಯಿ ಒಮ್ಮೆ ಬಿಚ್ಚಿಕೊಂಡ ಮೇಲೆ ನಿಲ್ಲುವುದುಂಟೇ? ಅಪ್ಪ ಹಿಂದಿನ ಸೀಟಿನ ಹೆಂಗಸಿಗೆ ಹೇಳಿದರು, "ನನ್ನ ಮಗ." ಕಂಬಿ ಹಿಡಿದು ನಿಂತವನಿಗೂ ಹೇಳಿದರು, "ನೋಡಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ." ಅವನು ಕಿವಿಯವರೆಗೂ ಕೆಂಪಾಗಿ, ನಗುಮುಖ ಹೇಳಿಕೊಟ್ಟ ನಗುವನ್ನು ಹಲ್ಲು ಕಚ್ಚಿಕೊಂಡು ನಗುತ್ತಿದ್ದ.

ಆಮೇಲೆ ಅಪ್ಪ ಅವನ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದರು. "ನಿನ್ನ ಕೈ ನನ್ನ ಕೈಗಿಂತ ಮೇಲು. ನಾನು ಇಷ್ಟು ಚೆನ್ನಾಗಿ ಯಾವತ್ತೂ ನಿಲ್ಸಿಲ್ಲ."

ಅದನ್ನು ಅವನಿಗೆ ತಡೆಯಲಾಗಲಿಲ್ಲ. ಬಯ್ಯಲಿ, ಕೋಣ ಎನ್ನಲಿ, ಬಸ್ಸು ಹತ್ತಿ ಹೋಗಲಿ. ತಂತಿಯಿಲ್ಲದ ಹ್ಯಾಂಡಲ್ ಮುಂದೆ ಅಪ್ಪ ತಮ್ಮ ಕೈಯನ್ನು ಕೀಳು ಮಾಡಿಕೊಳ್ಳುವುದೆಂದರೇನು?

"ಅಪ್ಪಾ, ಇದನ್ನ ನಾನು ಓಡಿಸ್ತಿಲ್ಲ," ಎಂದ ಪಿಸುದನಿಯಲ್ಲಿ. "ತಾನಾಗೇ ಓಡುತ್ತೆ. ಈ ಹ್ಯಾಂಡಲ್ ಬರೀ ತೋರಿಕೆಗೆ."

ಅಪ್ಪ ನಕ್ಕರು. "ಜಂಬ ಬೇಡ ಅಂತ ಚಿಕ್ಕಂದಿನಲ್ಲಿ ಹೇಳಿದ್ದು ನಿಜ. ಅದಕ್ಕೆ ಇಷ್ಟೊಂದು ವಿನಯ ಬೇಡ ಮಾರಾಯ."

"ನನ್ನಾಣೆ ಅಪ್ಪಾ. ಪೇಪರ್‌ನಲ್ಲಿ ಬಂದಿದ್ದು ನಿಜ."

"ಮಾತಾಡ್ಬೇಡ. ಮುಂದೆ ನೋಡ್ಕೊಂಡು ಓಡ್ಸು."

ಅವನಿಗೆ ರೇಗಿಹೋಯಿತು. ಸುಳ್ಳು ಹೇಳಿದರೆ ನಂಬುವ ಲೋಕ, ನಿಜ ಹೇಳಿದರೆ ಬಾಯಿ ಮುಚ್ಚು ಎನ್ನುತ್ತದೆ. ರೈಲು ಸುರಂಗದಲ್ಲಿ ಪೂರ್ತಿ ವೇಗದಲ್ಲಿತ್ತು, ಎದುರಿಗೆ ಮುಂದಿನ ನಿಲ್ದಾಣದ ಬೆಳಕು ಆಗಷ್ಟೇ ಚುಕ್ಕಿಯಾಗಿ ಮೂಡಿತ್ತು. "ಹಾಗಾದ್ರೆ ನೋಡಿ," ಎಂದವನೇ ಎರಡೂ ಕೈಗಳನ್ನು ಹ್ಯಾಂಡಲ್‌ನಿಂದ ತೆಗೆದು, ತಲೆಯ ಮೇಲಕ್ಕೆತ್ತಿ ಕೂತ.

ಅಪ್ಪ ಇಷ್ಟು ಬೇಗ ಏಳಬಲ್ಲರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಕೋಲು ಎಲ್ಲೋ ಉರುಳಿತು. "ಅಯ್ಯೋ ಪಾಪಿ, ಹಿಡ್ಕೊಳ್ಳೋ!" ಎಂದು ಕಿರುಚಿ, ಮಗನನ್ನು ಮೊಣಕೈಯಿಂದ ತಿವಿದು ಆಚೆ ದಬ್ಬಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಎಳೆದರು. ಬೋಗಿಯೆಲ್ಲ ಹೋ ಎಂದಿತು. ಬೆಳಕು ಹತ್ತಿರ ಬಂತು. ಅಪ್ಪನ ಕತ್ತಿನ ನರಗಳು ಉಬ್ಬಿದ್ದವು. ರೈಲು ಎಂದಿನಂತೆ ವೇಗ ಕಳೆದುಕೊಳ್ಳುತ್ತ, ಎಂದಿನಂತೆ ಬಾಗಿಲಿಗೆ ಬಾಗಿಲು ಸೇರಿಸಿ ನಿಂತಿತು. ಹಿಂದಿನ ಸೀಟಿನ ಹೆಂಗಸು ಬಿಕ್ಕುತ್ತಲೇ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು, ಅವನನ್ನು ಕೆಕ್ಕರಿಸಿ ನೋಡುತ್ತ.

"ಅಪ್ಪಾ, ಅದು ತಾನಾಗೇ..."

"ಸಾಕು!" ಅಪ್ಪ ಹ್ಯಾಂಡಲ್ ಬಿಡದೆ ಅವನ ಕಡೆ ತಿರುಗಿದರು. "ಬ್ರೇಕ್ ಕಚ್ಚಿದ್ದು ನನ್ನ ಕೈಗೆ ಗೊತ್ತಾಗಲ್ವಾ? ಯಾರಿಗೆ ಹೇಳ್ತೀಯ ನೀನು?"

ಕೊನೆಯ ನಿಲ್ದಾಣದವರೆಗೂ ಅವರು ಹ್ಯಾಂಡಲ್ ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟಿದ್ದರೆ ಅವನು ಇನ್ನೊಮ್ಮೆ ತೋರಿಸುತ್ತಿದ್ದ. ಪ್ರತಿ ನಿಲ್ದಾಣದಲ್ಲೂ ಅಪ್ಪ ಎಳೆದರು, ರೈಲು ನಿಂತಿತು. ಅವರ ಬೆನ್ನು ನೆಟ್ಟಗಾಗಿತ್ತು. ಅವನು ಪಕ್ಕದಲ್ಲಿ ಸಮವಸ್ತ್ರ ಹಾಕಿಕೊಂಡು, ಉರುಳಿದ ಊರುಗೋಲನ್ನು ಹುಡುಕಿ ತಂದು ಹಿಡಿದು ನಿಂತಿದ್ದ.

ಮಧ್ಯಾಹ್ನ ನಗುಮುಖನ ಫೋನು ಬಂತು. ಇದ್ದ ಕೆಲಸವೂ ಹೋಯಿತು, ಪೀಡೆ ಕಳೆಯಿತು ಎಂದುಕೊಂಡೇ ಅವನು ಎತ್ತಿದ. "ಕ್ಯಾಮೆರಾದಲ್ಲಿ ನೋಡ್ದೆ. ಆ ಯಜಮಾನರು ಯಾರು? ನಿಜವಾಗಿ ಓಡಿಸ್ತಿದ್ದ ಹಾಗೇ ಇತ್ತಲ್ರೀ. ನೀವೂ ಸ್ವಲ್ಪ ನೋಡಿ ಕಲೀರಿ," ಎಂದ ನಗುಮುಖ. ಅವನು ಫೋನಿಟ್ಟು, ಶೌಚಾಲಯಕ್ಕೆ ಹೋಗಿ, ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡು ಗೋಡೆಗೊಂದು ಗುದ್ದಿದ. ಕೈ ನೋವಾಯಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ. ಇಷ್ಟು ಹೊತ್ತಿಗೆ ಅಪ್ಪ ಬೀದಿಗೆಲ್ಲ ಸಾರಿರುತ್ತಾರೆ, ರೈಲು ತುಂಬ ಜನರನ್ನಿಟ್ಟುಕೊಂಡು ಕೈ ಎತ್ತಿ ಕೂತ ಮಗನ ಕಥೆಯನ್ನು. ಬರಲಾರದೆ ಬಂದ ಹೊಗಳಿಕೆ ಒಂದು ಗಂಟೆಯೂ ಬಾಳಲಿಲ್ಲ. ಅದನ್ನು ಹಾಳು ಮಾಡಿಕೊಂಡದ್ದು ನಿಜ ಹೇಳಿ! ಇದಕ್ಕಿಂತ ದಡ್ಡತನ ಬೇರೆ ಬೇಕೇ?

ಊಟಕ್ಕೆ ಕೂತಾಗ ಹೆಂಡತಿ ಬಡಿಸುತ್ತ, ಕಣ್ಣಂಚಿನಲ್ಲಿ ಗಂಡನನ್ನು ನೋಡುತ್ತ ಕೇಳಿದಳು. "ಹೇಗಿತ್ತು ಮಾವ, ಮಗನ ರೈಲು?"

ಅವನು ತಲೆ ತಗ್ಗಿಸಿದ. ಅಪ್ಪ ತುತ್ತು ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟರು.

"ಚೆನ್ನಾಗಿ ಓಡಿಸ್ತಾನಮ್ಮ. ಹ್ಯಾಂಡಲ್‌ನಿಂದ ಒಂದು ಸಲಾನೂ ಕೈ ತೆಗೀಲಿಲ್ಲ."

ಹೆಂಡತಿ ಕೆಮ್ಮುತ್ತ, ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ಅವನು ಅಪ್ಪನ ಮುಖ ನೋಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ ಗೋಡೆಯ ಕಡೆ ತಿರುಗಿತ್ತು.

ಊಟವಾದ ಮೇಲೆ ಅಪ್ಪ ಅವನನ್ನು ಬಾಲ್ಕನಿಗೆ ಕರೆದರು. "ಯಾಕೋ ಹಾಗ್ಮಾಡ್ದೆ ಅಂತ ಕೇಳಲ್ಲ. ದಿನಾ ಅದೇ ಸುರಂಗ, ಅದೇ ಕತ್ತಲು. ಮನುಷ್ಯನಿಗೆ ತಲೆ ಕೆಟ್ಟುಹೋಗುತ್ತೆ, ನಂಗೆ ಗೊತ್ತು. ಇದನ್ನ ನನ್ನ ಹೊಟ್ಟೆಗೆ ಹಾಕ್ಕೊಂಡಿದ್ದೀನಿ, ಸಾಯೋವರೆಗೂ ಯಾರಿಗೂ ಹೇಳಲ್ಲ. ನೀನು ಮಾತ್ರ ಇನ್ನೊಂದ್ಸಲ ಕೈ ತೆಗೀಬೇಡ. ಮಾತು ಕೊಡು."

ಮಾಡದ ಕೆಲಸಕ್ಕೆ ಬೆಳಿಗ್ಗೆ ಹೊಗಳಿಕೆ, ಮಾಡದ ತಪ್ಪಿಗೆ ಈಗ ಕ್ಷಮೆ! ಅವನಿಗೆ ಕೂಗಿಬಿಡಬೇಕೆನ್ನಿಸಿತು. ಬಾಯಿ ತೆರೆದೂ ಬಿಟ್ಟ. ಆದರೆ ಅಪ್ಪ ಬಲಗೈಯನ್ನು ಎಡಗೈಯಿಂದ ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದರು, ಎಷ್ಟೋ ಕಾಲದ ಮೇಲೆ ದುಡಿದ ಕೈ. ಅದಕ್ಕೆ ನೋವಿತ್ತು, ಹೆಮ್ಮೆಯೂ ಇತ್ತು. ಈಗ ನಿಜ ಹೇಳಿದರೆ ಆ ಕೈಯಿಂದ ರೈಲನ್ನು ಕಿತ್ತುಕೊಂಡ ಹಾಗೆ.

"ಆಯ್ತಪ್ಪ," ಎಂದ. "ಇನ್ಮೇಲೆ ತೆಗೆಯಲ್ಲ."

ಮಾರನೆಯ ದಿನ ಸುರಂಗದಲ್ಲಿ ಅವನ ಮೂಗಿಗೆ ತುರಿಕೆ ಹತ್ತಿತು. ಹಾಳು ಹ್ಯಾಂಡಲ್ಲಿಗೂ, ಕಂಪನಿಗೂ, ಅಪ್ಪನಿಗೂ, ತನಗೂ ಸೇರಿಸಿ ಒಳಗೊಳಗೇ ಶಾಪ ಹಾಕುತ್ತ, ಮುಂದಿನ ನಿಲ್ದಾಣ ಬಂದು ರೈಲು ನಿಲ್ಲುವವರೆಗೂ ಅವನು ಮೂಗು ತುರಿಸಿಕೊಳ್ಳಲಿಲ್ಲ.