ಹೊರಕ್ಕೆ ತೆರೆಯುವ ಬಾಗಿಲು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಹಲಗೆ ಗುಡಿಸಲಿನ ಬಾಗಿಲು ತೆರೆಯಲಿಲ್ಲ. ಅರಣ್ಯ ಇಲಾಖೆಯ ಗಾರ್ಡ್ ಮೊದಲು ಕೈಯಿಂದ ತಳ್ಳಿದಳು, ಆಮೇಲೆ ಭುಜ ಕೊಟ್ಟಳು. ಬಾಗಿಲು ಬೆರಳಗಲ ಸರಿದು, ಆ ಸಂದಿನಿಂದ ಮರಳು ಒಳಕ್ಕೆ ಸುರಿದು, ಮತ್ತೆ ಕಚ್ಚಿಕೊಂಡಿತು.

ಕಡಲಂಚಿನ ಕಾಡು ಮುಗಿದು ಮರಳು ದಿಬ್ಬಗಳು ಶುರುವಾಗುವಲ್ಲಿ ಆ ಗುಡಿಸಲಿತ್ತು. ಹಕ್ಕಿಗಳಿಗೆ ಕಾಣದ ಹಾಗೆ ಕೂತು ಅವನ್ನು ನೋಡಲೆಂದು, ಎರಡೂ ಪಕ್ಕ ದಿಬ್ಬದೊಳಗೆ ಹುದುಗಿಸಿ ಕಟ್ಟಿದ್ದು. ಎದುರು ಗೋಡೆಯಲ್ಲಿ ಗೇಣಗಲದ ಸೀಳು, ಹಿಂದೆ ಬಾಗಿಲು. ಬಾಗಿಲು ಮೊದಲು ಒಳಕ್ಕೆ ತೆರೆಯುತ್ತಿತ್ತು. ಕಾಡುಹಂದಿ ನೂಕಿಕೊಂಡು ನುಗ್ಗುತ್ತದೆಂದು ಹೋದ ವರ್ಷ ಅವಳೇ ಮುಂದೆ ನಿಂತು ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿ ಹಾಕಿಸಿದ್ದಳು. ಹಂದಿಯ ಬಗ್ಗೆ ಯೋಚಿಸಿದವಳು ಮರಳಿನ ಬಗ್ಗೆ ಯೋಚಿಸಿರಲಿಲ್ಲ. ಬೆಳಿಗ್ಗೆಯಿಂದ ಬೀಸಿದ ಗಾಳಿಗೆ ದಿಬ್ಬ ಜಾರಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿತ್ತು.

ಜೊತೆಗಿದ್ದವರು ಅವಳ ಸೋದರಮಾವ, ನಿವೃತ್ತ ಗಣಿತ ಮೇಷ್ಟ್ರು. ವರ್ಷಕ್ಕೊಮ್ಮೆ, ಮರಳಲ್ಲೇ ಮೊಟ್ಟೆಯಿಡುವ ರೀವ ಹಕ್ಕಿಗಳ ಗೂಡು ಎಣಿಸಿಕೊಡಲು ಬರುವವರು.

"ಅಂತೂ ಹಂದಿ ಕೈಯಿಂದ ನನ್ನ ಕಾಪಾಡಿದೆ ಕಣೇ," ಅಂದರು ಪಿಸುದನಿಯಲ್ಲಿ.

ಪಿಸುದನಿಗೆ ಕಾರಣವಿತ್ತು. ಸೀಳಿನಿಂದ ಮೂರು ಮಾರು ದೂರದಲ್ಲಿ ಮೊದಲ ಗೂಡು. ಗೂಡೆಂದರೆ ಮರಳಿನಲ್ಲೊಂದು ಅಂಗೈಯಷ್ಟು ಕುಳಿ, ಅದರಲ್ಲಿ ಎರಡು ಮೊಟ್ಟೆ. ಅಂಥವು ಮೂವತ್ತೊಂದು. ದೊಡ್ಡ ಸದ್ದಾದರೆ ತಾಯಿ ಹಕ್ಕಿಗಳು ಒಟ್ಟಿಗೆ ಏಳುತ್ತವೆ. ಗಾಳಿಮರಗಳಲ್ಲಿ ಕಾಗೆಗಳು ಅದನ್ನೇ ಕಾಯುತ್ತಿರುತ್ತವೆ.

ಯಾರಾದರೂ ಈ ಕಡೆ ಬರಬಹುದೇ ಎಂದು ಮಾವ ಕೇಳಿದರು. ಬರುವುದಿಲ್ಲ ಎಂದಳು. ಕಾಡಿನ ಮೂರು ಕಾಲುದಾರಿಗಳಿಗೂ ಆ ಬೆಳಿಗ್ಗೆ ಸರಪಳಿ ಬಿಗಿದು, ಗುರುವಾರದವರೆಗೆ ಪ್ರವೇಶವಿಲ್ಲ ಎಂದು ಬೋರ್ಡು ಬರೆದು ತೂಗುಹಾಕಿದವಳು ಅವಳೇ. ಅಂದು ಸೋಮವಾರ. ಗೂಡಿನ ಕಾಲದಲ್ಲಿ ವಾಕಿಟಾಕಿಯನ್ನು ಕಚೇರಿಯಲ್ಲೇ ಬಿಟ್ಟು ಬರಬೇಕೆಂಬ ನಿಯಮವೂ ಅವಳದೇ. ದಿಬ್ಬದ ಮರೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

"ಬೋರ್ಡು ನೋಡಿ ವಾಪಸ್ ಹೋಗೋ ಅಂಥ ಒಳ್ಳೆ ಜನ ನಿನಗೇ ಸಿಗಬೇಕಿತ್ತಾ?" ಅಂದರು ಮಾವ.

ಸಂಜೆ ಆರೂವರೆಗೆ ಕಾಗೆಗಳು ತಮ್ಮ ಮರ ಸೇರುತ್ತವೆ. ಆಮೇಲೆ ಎದುರಿನ ಹಲಗೆ ಒಡೆದರೆ ಮೊಟ್ಟೆಗಳಿಗೆ ಅಪಾಯವಿಲ್ಲ. ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಕೂರುವುದೆಂದು ಇಬ್ಬರೂ ಒಪ್ಪಿಕೊಂಡರು.

ಮೂರು ಗಂಟೆಗೆ ಬಾಗಿಲ ಸಂದಿನಿಂದ ಸಣ್ಣ ಮರಳು ಹೊಗೆಯಂತೆ ಏಳತೊಡಗಿತು. ಮಾವನ ಎದೆಯಲ್ಲಿ ಸೀಟಿಯಂಥ ಸದ್ದು ಶುರುವಾಯಿತು. ಇಪ್ಪತ್ತು ವರ್ಷದ ಉಬ್ಬಸ. ಇನ್ಹೇಲರ್ ಸ್ಕೂಟರಿನ ಡಿಕ್ಕಿಯಲ್ಲಿತ್ತು, ಸ್ಕೂಟರ್ ಸರಪಳಿಯ ಆಚೆಗಿತ್ತು. ಅವಳು ತನ್ನ ವೇಲನ್ನು ನೀರಿನಲ್ಲಿ ನೆನೆಸಿ ಅವರ ಮೂಗಿಗೆ ಕಟ್ಟಿದಳು. ಮೂರೂ ಇಪ್ಪತ್ತಕ್ಕೆ ಅವರ ತಮಾಷೆ ನಿಂತಿತು. ಮೂರೂ ನಲವತ್ತಕ್ಕೆ ತುಟಿಯ ಬಣ್ಣ ತಿರುಗಿತ್ತು.

ಅವಳು ಬೆಂಚನ್ನು ಸೀಳಿನ ಕಡೆ ಎಳೆದಳು. ಮಾವ ಅವಳ ತೋಳು ಹಿಡಿದುಕೊಂಡರು.

"ಮೂವತ್ತೊಂದು ಗೂಡು, ಪುಟ್ಟಿ. ಆರೂವರೆ ತನಕ... ತಡ್ಕೋತೀನಿ."

"ನಿಮ್ಮ ಕೈಲಾಗಲ್ಲ ಮಾವ."

"ಎಣಿಸಿದೋನು ನಾನು."

"ಕಾಯೋಳು ನಾನು. ಪಕ್ಕಕ್ಕೆ ಸರೀರಿ."

ಬೆಂಚಿನ ಮೇಲೆ ಅಂಗಾತ ಮಲಗಿ, ಎರಡೂ ಬೂಟುಗಳಿಂದ ಸೀಳಿನ ಕೆಳಗಿನ ಹಲಗೆಗೆ ಒದ್ದಳು. ಮೊದಲ ಒದೆತಕ್ಕೇ ಹಕ್ಕಿಗಳು ಎದ್ದವು. ಮೂರನೆಯದಕ್ಕೆ ಹಲಗೆ ಸೀಳಿತು. ಮಾವನ ಕಂಕುಳಿಗೆ ಕೈಕೊಟ್ಟು ಹೊರಕ್ಕೆಳೆದು, ಹೆಗಲು ಕೊಟ್ಟು, ಗೂಡುಗಳ ನಡುವೆ ಒಂದೊಂದೇ ಹೆಜ್ಜೆ ನೋಡಿ ಇಡುತ್ತ ನಡೆದಳು. ಬೆನ್ನ ಹಿಂದೆ ಕಾಗೆಗಳು ಇಳಿಯುವುದು ಕೇಳಿಸುತ್ತಿತ್ತು. ಓಡಿಸಲು ನಿಲ್ಲಲಿಲ್ಲ. ನಾಲ್ಕೂಕಾಲಿಗೆ ಸ್ಕೂಟರ್ ತಲುಪಿದರು.

ಮಾವ ಆಸ್ಪತ್ರೆಯಲ್ಲಿ ಎರಡು ದಿನವಿದ್ದು ಮನೆಗೆ ಬಂದರು. ಮಂಗಳವಾರ ಬೆಳಿಗ್ಗೆ ಅವಳೊಬ್ಬಳೇ ಹೋಗಿ ಎಣಿಸಿದಾಗ ಹದಿನೇಳು ಗೂಡು ಉಳಿದಿದ್ದವು. ಪ್ರವೇಶವಿಲ್ಲದ ಜಾಗದಲ್ಲಿ ಹಕ್ಕಿಗಳನ್ನು ಎಬ್ಬಿಸಿದ್ದೇಕೆ ಎಂದು ಶುಕ್ರವಾರ ಇಲಾಖೆ ಅವಳಿಂದ ಲಿಖಿತ ವಿವರಣೆ ಕೇಳಿತು.